ಚಾನಲ್ ಏರಿಯ ಮೇಲೆ ಚಪ್ಪಲಿ ಜೋಡಿಸಿದ್ದು ನಾನು

ವಿಶ್ವಾರಾಧ್ಯ ಬಿನ್ ಲೇಟ್ ರೇವಣಾರಾಧ್ಯ, ವಯಸ್ಸು 49 ವರ್ಷ, ಸವಳಂಗ ರಸ್ತೆಯ ಒಂದು ಪಾದರಕ್ಷೆ ಅಂಗಡಿಯಲ್ಲಿ 22 ವರ್ಷದಿಂದ ಸೇಲ್ಸ್‌ಮನ್, ವಾಸ ಮೂರನೇ ಅಡ್ಡರಸ್ತೆ, ವಿನೋಬನಗರ, ಶಿವಮೊಗ್ಗ, ಆದ ನಾನು ದಿನಾಂಕ 27-3-2002ರ ಬುಧವಾರ ಬೆಳಿಗ್ಗೆ 10-15ಕ್ಕೆ ಭದ್ರಾವತಿಯ ತಮ್ಮ ಠಾಣೆಗೆ ನಾನಾಗಿಯೇ ಬಂದು, ಹೆಂಡತಿಯ ಒತ್ತಾಯವೊಂದನ್ನು ಬಿಟ್ಟರೆ ಬೇರಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದು ಹೀಗಿದೆ:

ದಿನಾಂಕ 20ರ ಮಹಜರಿನಲ್ಲಿ, ಕಾಣೆಯಾಗಿದ್ದ ಶೇಷಮ್ಮನವರ ಚಪ್ಪಲಿಗಳು ಚಾನಲ್ಲಿನ ಮೆಟ್ಟಿಲ ಮೇಲೆ “ನೀರಿನ ಕಡೆ ಮುಖ ಮಾಡಿ ಒಪ್ಪವಾಗಿ ಜೋಡಿಸಿ ಇಟ್ಟಿದ್ದವು” ಎಂದು ಬರೆದಿದೆ. ಅವನ್ನು ಹಾಗೆ ಜೋಡಿಸಿದ್ದು ಶೇಷಮ್ಮನವರಲ್ಲ. ಅವರ ಸೊಸೆ ಸಂಘಮಿತ್ರಾ ಅವರೂ ಅಲ್ಲ. ನಾನು. ಆ ಮಹಜರಿಗೆ ಪಂಚನಾಗಿ ಸಹಿ ಹಾಕಿದವನೂ ನಾನೇ. ಆ ಒಂದು ಸಾಲಿನಿಂದಾಗಿ ಸಂಘಮಿತ್ರಾ ಅವರನ್ನು ಎರಡು ಸಲ ಠಾಣೆಗೆ ಕರೆಸಲಾಗಿದೆ. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಬರೆದುಕೊಳ್ಳುತ್ತಿರುವ ಹೆಡ್‌ಕಾನ್ಸ್‌ಟೇಬಲ್ ಶಿವಯೋಗಪ್ಪನವರು ‘ಶಾರ್ಟಾಗಿ ಹೇಳಿ ಆರಾಧ್ಯರೇ, ಸರ್ಕಾರದ ಪೇಪರು’ ಎಂದಿರುತ್ತಾರೆ. ಪ್ರಯತ್ನಿಸುತ್ತೇನೆ.

ನಾನು ಕಾಣೆಯಾದವರನ್ನು ಹುಡುಕಲು ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ ಬಳಗದ ಸದಸ್ಯ. ಬಳಗಕ್ಕೆ ಒಂದು ಹೆಸರಿದೆ. ಅದು ನಮ್ಮ ಹಗ್ಗಕ್ಕಿಂತ ಉದ್ದವಾದ್ದರಿಂದ ಇಲ್ಲಿ ಬರೆಸುವುದಿಲ್ಲ. ನಾವು ಆರು ಜನ. ನಿವೃತ್ತ ಡ್ರಿಲ್ ಮಾಸ್ತರು ವೀರಪ್ಪನವರು ಮುಖಂಡರು. ಮೀನು ಹಿಡಿಯುವ ಓಬಯ್ಯನದು ತೆಪ್ಪ. ಉಳಿದ ಆಸ್ತಿ ಎಂದರೆ ಬಾವಿಯಲ್ಲಿ ಬಿದ್ದ ಕೊಡ ಎತ್ತುವಂಥ ಪಾತಾಳಗರಡಿ ಎರಡು, 150 ಅಡಿ ಹಗ್ಗ ಒಂದು, ಮಾಸ್ತರ ಸೀಟಿ ಒಂದು. 1996ರಿಂದ ಇದುವರೆಗೆ 23 ಮಂದಿಯನ್ನು ಹುಡುಕಿಕೊಟ್ಟಿದ್ದೇವೆ. ಅದರಲ್ಲಿ 17 ಮಂದಿ ನೀರಿನಲ್ಲಿ ಸಿಕ್ಕವರು. ಅವರಾರೂ ನಮಗೆ ಉಪಕಾರ ಸ್ಮರಿಸುವ ಸ್ಥಿತಿಯಲ್ಲಿರಲಿಲ್ಲ. ನೆಲದ ಮೇಲೆ ಸಿಕ್ಕವರು ಆರು. ಅವರಲ್ಲೊಬ್ಬರು ಕುಂಸಿಯ ತಂಗಿಯ ಮನೆಯಲ್ಲಿ ಹೋಳಿಗೆ ತಿನ್ನುತ್ತಿದ್ದು, ‘ನಿಮಗ್ಯಾರ್ರೀ ಹುಡುಕು ಅಂದೋರು’ ಎಂದು ನಮ್ಮನ್ನೇ ಬೈದರು. ಹೀಗಾಗಿ ನಮಗೆ ನೆಲದ ಮೇಲೆ ಅಷ್ಟು ನಂಬಿಕೆ ಇಲ್ಲ. ಯಾರು ಕಾಣೆಯಾದರೂ ಮೊದಲು ನೀರು ನೋಡುತ್ತೇವೆ.

ಇನ್ನು ನನ್ನ ಕೈಯ ವಿಚಾರ. ಒಂಟಿ ಚಪ್ಪಲಿ ಕಂಡರೆ ಅದರ ಜೋಡಿ ಹುಡುಕುವುದು, ಮಗುಚಿದ್ದರೆ ತಿರುಗಿಸುವುದು, ಕಿತ್ತಿದ್ದರೆ ಸರಿಮಾಡುವುದು, ಮುಖ ಒಂದೇ ಕಡೆಗೆ ಬರುವಂತೆ ಇಡುವುದು, ಇವಿಷ್ಟನ್ನೂ ನನ್ನ ಕೈ ನನ್ನನ್ನು ಕೇಳದೆ ಮಾಡುತ್ತದೆ. ಮದುವೆಮನೆಗಳಲ್ಲಿ ನನ್ನ ಹೆಂಡತಿ ಬಸವರಾಜೇಶ್ವರಿ, ‘ನೀವು ಊಟಕ್ಕೆ ಬಂದಿದ್ದೋ ಚಪ್ಪಲಿ ಕಾಯೋಕೆ ಬಂದಿದ್ದೋ’ ಎಂದು ಕೇಳುವುದುಂಟು. ನಾನು ನಗುತ್ತಿದ್ದೆ.

ದಿನಾಂಕ 20-3-2002ರ ಬುಧವಾರ ಬೆಳಿಗ್ಗೆ 6-20ಕ್ಕೆ ಶಿವಯೋಗಪ್ಪನವರು ನನ್ನ ಮನೆಗೆ ಫೋನು ಮಾಡಿದರು. ಭದ್ರಾವತಿಯ ಅಂಗನವಾಡಿ ಸಹಾಯಕಿ ಶೇಷಮ್ಮ, 57 ವರ್ಷ, ಹಿಂದಿನ ದಿನ ಬೆಳಿಗ್ಗೆ 7-15ಕ್ಕೆ ಮನೆ ಬಿಟ್ಟವರು ವಾಪಸಾಗಿಲ್ಲ. ಮಗ ಮುರಳಿ ಸಂಜೆ ದೂರು ಕೊಟ್ಟಿದ್ದಾನೆ. ಈಗ ಚಾನಲ್ ಏರಿಯ ಮೇಲೆ ಚಪ್ಪಲಿ ಕಂಡಿದ್ದಾಗಿ ಎಮ್ಮೆ ಮೇಯಿಸುವ ಭೂತಪ್ಪ ಬಂದು ಹೇಳಿದ್ದಾನೆ. ತಂಡ ಕರೆತನ್ನಿ ಎಂದರು. ನಾನು ಮಾಸ್ತರಿಗೆ ತಿಳಿಸಿ ನನ್ನ ಮೊಪೆಡ್‌ನಲ್ಲಿ ಹೊರಟೆ. ತೆಪ್ಪ ಹೇರಿಕೊಂಡ ಟೆಂಪೋ ಹಿಂದೆ ಬರುವುದಿತ್ತು. 7-35ಕ್ಕೆ ಸ್ಥಳ ತಲುಪಿದೆ. ತಂಡದಲ್ಲಿ ಮೊದಲು ತಲುಪಿದವನು ನಾನೇ. ಆ ಬಗ್ಗೆ ನನಗೆ ಆಗ ಹೆಮ್ಮೆ ಇತ್ತು.

ಸ್ಥಳದಲ್ಲಿ ಏರಿಯ ಒಂದು ಪಕ್ಕ ಚಾನಲ್ ನೀರು. ಬಟ್ಟೆ ಒಗೆಯಲು ಕಲ್ಲಿನ ಮೆಟ್ಟಿಲುಗಳಿವೆ. ಇನ್ನೊಂದು ಪಕ್ಕ 14 ಅಡಿ ಇಳಿಜಾರು, ಲಂಟಾನದ ಪೊದೆ, ಅದರ ಕೆಳಗೆ ನೀರು ಬತ್ತಿದ ಬಸಿಗಾಲುವೆ, ಆಚೆಗೆ ಈ ವರ್ಷ ಪಾಳು ಬಿದ್ದ ಎರಡು ಗದ್ದೆ. ಭೂತಪ್ಪ ಎಮ್ಮೆಯ ಹಗ್ಗ ಹಿಡಿದುಕೊಂಡೇ ‘ಅಲ್ಲೊಂದು, ಇಲ್ಲೊಂದು ನೋಡಿ ಸ್ವಾಮಿ’ ಎಂದು ತೋರಿಸಿ, ಎಮ್ಮೆ ಕಟ್ಟಿ ಬರುತ್ತೇನೆಂದು ಹೋದ.

ಬಲಗಾಲಿನ ಚಪ್ಪಲಿ ಏರಿಯ ಮೇಲೆ, ಮೆಟ್ಟಿಲಿನಿಂದ ಒಂಬತ್ತು ಅಡಿ ದೂರ, ಮಗುಚಿ ಬಿದ್ದಿತ್ತು. ಎಡಗಾಲಿನದು ಗದ್ದೆಯ ಕಡೆಯ ಇಳಿಜಾರಿನಲ್ಲಿ ಐದಡಿ ಕೆಳಗಿತ್ತು. ಅದರ ಹೆಬ್ಬೆರಳು ತೂರಿಸುವ ಉಂಗುಷ್ಟ ಕಿತ್ತಿತ್ತು. ಆರನೇ ನಂಬರು, ಲೇಡೀಸ್, ರೆಕ್ಸಿನ್ ಪಟ್ಟಿ, ಕಂದು ಬಣ್ಣ. ಎಡ ಹಿಮ್ಮಡಿ ಹೊರಗಡೆಗೆ ಸವೆದಿತ್ತು. ಎರಡು ವರ್ಷದ ಚಪ್ಪಲಿ, ಜೋಪಾನವಾಗಿ ಹಾಕಿಕೊಂಡವರದು ಎಂದು ನನಗೆ ತಿಳಿಯಿತು. ಇಷ್ಟೆಲ್ಲ ತಿಳಿದ ನನಗೆ, ಉಂಗುಷ್ಟ ಕಿತ್ತ ಚಪ್ಪಲಿ ಗದ್ದೆಯ ಕಡೆಗೆ ಬಿದ್ದಿದ್ದರೆ ಅದನ್ನು ಹಾಕಿಕೊಂಡಿದ್ದವರು ಯಾವ ಕಡೆ ಇಳಿದರು ಎಂಬುದು ತಿಳಿಯಲಿಲ್ಲ. ಮಗುಚಿದ ಚಪ್ಪಲಿ ಮನೆಗೆ ಜಗಳ ತರುತ್ತದೆ ಎನ್ನುತ್ತಾರೆ, ತಿರುಗಿಸಿದೆ. ಒಂಟಿಯನ್ನು ಕೆಳಗಿನಿಂದ ಎತ್ತಿ ತಂದೆ. ಜೇಬಿನಲ್ಲಿದ್ದ ಪಿನ್ನು ಚುಚ್ಚಿ ಉಂಗುಷ್ಟ ಕೂರಿಸಿದೆ. ಎರಡನ್ನೂ ಮೆಟ್ಟಿಲ ಮೇಲೆ, ಅಂಗಡಿಯ ಷೋಕೇಸಿನಲ್ಲಿ ಇಡುವಂತೆ, ಮುಖ ಮುಂದಕ್ಕೆ ಮಾಡಿ ಇಟ್ಟೆ. ಮುಂದೆ ಇದ್ದದ್ದು ನೀರು. ಇದಕ್ಕೆ ನಾಲ್ಕೈದು ನಿಮಿಷ ಹಿಡಿದಿರಬಹುದು. ಆಗ ನಾನು ಯೋಚಿಸುತ್ತಿದ್ದದ್ದು ಟೆಂಪೋ ಎಲ್ಲಿ ಕೆಟ್ಟು ನಿಂತಿದೆಯೋ ಎಂದು.

8-05ಕ್ಕೆ ಶಿವಯೋಗಪ್ಪನವರು ಒಬ್ಬ ಕಾನ್ಸ್‌ಟೇಬಲ್ ಜೊತೆ ಬಂದರು. ಚಪ್ಪಲಿ ನೋಡಿ, ಟೋಪಿ ತೆಗೆದು, ‘ಅಯ್ಯೋ, ಹಾರಿಬಿಟ್ಟಿದ್ದಾಳಲ್ಲ ಮಾರಾಯ್ರೇ ಪುಣ್ಯಾತ್ಗಿತ್ತಿ’ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಸಾಯಲು ಹೋಗುವವರು ಚಪ್ಪಲಿ ಒಪ್ಪವಾಗಿ ಬಿಟ್ಟು ಹೋಗುತ್ತಾರೆ ಎಂಬುದು ನಮ್ಮ ಬಳಗದ ಅನುಭವ. ಅರ್ಧ ಗಂಟೆಯೊಳಗೆ ನನ್ನ ಕೈಯೇ ಮಾಡಿದ ಒಪ್ಪವನ್ನು ನೋಡಿ, ಅದು ನನ್ನ ಕೆಲಸವೆಂಬುದೇ ನೆನಪಿಲ್ಲದೆ, ನನಗೇ ದುಃಖವಾಯಿತು. ಎಮ್ಮೆ ಕಟ್ಟಿ ಬಂದ ಭೂತಪ್ಪ ಚಪ್ಪಲಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿದ. ಎಲ್ಲಿತ್ತಯ್ಯಾ ಎಂದು ಶಿವಯೋಗಪ್ಪನವರು ಕೇಳಿದ್ದಕ್ಕೆ ‘ಇಲ್ಲೇ ಸ್ವಾಮಿ’ ಎಂದು ಇಡೀ ಏರಿಯ ಕಡೆ ಕೈ ಬೀಸಿದ. ಬರೆಯುವಾಗ ಅದು ‘ಮೆಟ್ಟಿಲ ಮೇಲೆ’ ಆಯಿತು. ಈ ಭಾಗವನ್ನು ಬರೆಯುವುದು ಅಗತ್ಯವೇ ಎಂದು ಶಿವಯೋಗಪ್ಪನವರು ಈಗ ಕೇಳಿರುತ್ತಾರೆ. ತಪ್ಪು ನನ್ನದೆಂದು ಬರೆದುಕೊಳ್ಳಿ ಎಂದಿದ್ದೇನೆ, ಬರೆದುಕೊಂಡಿದ್ದಾರೆ.

8-50ಕ್ಕೆ ತೆಪ್ಪ ಬಂತು. 9-15ಕ್ಕೆ ನೀರಿಗಿಳಿದೆವು. ನೀರಾವರಿಯವರಿಗೆ ಹೇಳಿ 11 ಗಂಟೆಗೆ ಗೇಟು ಇಳಿಸಲಾಯಿತು. ಮೆಟ್ಟಿಲಿನಿಂದ ಮುಂದಿನ ಸೇತುವೆಯವರೆಗೆ, 1,100 ಅಡಿ, ಪಾತಾಳಗರಡಿ ಎಳೆದೆವು. ಒಂದು ಸೈಕಲ್ ಟೈರು, ಎರಡು ಕೊಡ, ತಲೆ ಇಲ್ಲದ ಮಣ್ಣಿನ ಗಣಪತಿ ಸಿಕ್ಕಿದವು. ಏರಿಯ ಮೇಲೆ ಸುಮಾರು ಎಂಬತ್ತು ಜನ ಸೇರಿದ್ದರು. ಕಡಲೆಕಾಯಿ ಮಾರುವವನೂ ಬಂದಿದ್ದ. ಅಷ್ಟು ಜನರಲ್ಲಿ ಒಬ್ಬರೂ ಗದ್ದೆಯ ಕಡೆ ನೋಡಲಿಲ್ಲ. ನೋಡಲು ನಮ್ಮ ತಂಡ ನೀರಿನಲ್ಲಿತ್ತು.

ಮಧ್ಯಾಹ್ನ 3-55ಕ್ಕೆ ಸಂಘಮಿತ್ರಾ ಅವರು, ವಯಸ್ಸು 24, ಗಂಡ ಮುರಳಿಯ ಜೊತೆ ಬಂದರು. ಶೇಷಮ್ಮನವರ ತಮ್ಮ ಹುಲಿಯಪ್ಪನವರು ಅಲ್ಲೇ ಇದ್ದು, ಸೊಸೆಯ ಮುಖ ನೋಡದೆ ಬೆನ್ನು ತಿರುಗಿಸಿದರು. ಹಿಂದಿನ ದಿನ ಬೆಳಿಗ್ಗೆ 6-30ಕ್ಕೆ ಅತ್ತೆ ಸೊಸೆ ಕೂಗಾಡಿದ್ದನ್ನು ಪಕ್ಕದ ಮನೆಯ ಹೂವಮ್ಮ ಕೇಳಿದ್ದು, ಅದು ಅಷ್ಟರಲ್ಲಿ ಏರಿಯವರೆಗೂ ಬಂದು ತಲುಪಿತ್ತು. 4-10ಕ್ಕೆ ಸಂಘಮಿತ್ರಾ ಅವರು ಮೆಟ್ಟಿಲ ಮೇಲ್ಗಡೆ ನಿಂತು ‘ಅತ್ತೇ’ ಎಂದು ಕೂಗಿದರು. ನೀರಿನ ಕಡೆಗಲ್ಲ, ಯಾವ ಕಡೆಗೂ ಅಲ್ಲ, ಮನೆಯೊಳಗಿನಿಂದ ಹಿತ್ತಲಿನಲ್ಲಿರುವವರನ್ನು ಕರೆಯುವ ಹಾಗೆ. ಎರಡನೇ ಸಲ ಕೂಗಿದಾಗ ಗುಂಪಿನಲ್ಲಿ ಯಾರೋ ‘ಕಂಪನಿ ನಾಟಕ ಶುರುವಾಯ್ತು ನೋಡ್ರೋ’ ಎಂದರು. ಮೂರನೇ ಸಲವೂ ಕೂಗಿದರು.

ಇಲ್ಲಿ ನಮ್ಮ ಬಳಗದ ಒಂದು ಪದ್ಧತಿಯನ್ನು ಹೇಳಬೇಕು. ನೆಲದ ಮೇಲೆ ಕಳೆದವರನ್ನು ಹೆಸರು ಹಿಡಿದು ಕೂಗುತ್ತೇವೆ. ನೀರಿನಲ್ಲಿ ಕಳೆದವರನ್ನು ಕೂಗುವುದಿಲ್ಲ. ಕೂಗಿದರೆ ದಡದಲ್ಲಿ ಕುಳಿತ ಮನೆಯವರಿಗೆ ಇಲ್ಲದ ಆಸೆ ಹುಟ್ಟುತ್ತದೆ ಎಂದು ವೀರಪ್ಪ ಮಾಸ್ತರು ಮೊದಲ ವರ್ಷವೇ ನಿಯಮ ಮಾಡಿದ್ದರು. ಹದಿನೇಳು ಸಲ ಆ ನಿಯಮ ಸರಿಯಾಗಿತ್ತು. ಮಾಸ್ತರು ತೆಪ್ಪದಿಂದ ನನಗೆ ಕೈಸನ್ನೆ ಮಾಡಿದರು. ನಾನು ಸಂಘಮಿತ್ರಾ ಅವರ ಹತ್ತಿರ ಹೋಗಿ, ‘ಸಾಕಮ್ಮ, ಕೂಗಬೇಡ. ನೀರಿಗೆ ಕಿವಿ ಇರೋದಿಲ್ಲ’ ಎಂದೆ. ಮೆತ್ತಗೇ ಹೇಳಿದೆ. ಅವರು ಸೆರಗನ್ನು ಬಾಯಿಗಿಟ್ಟುಕೊಂಡು ಕುಳಿತರು. ಸಂಜೆ 6-30ಕ್ಕೆ ಬೆಳಕು ಸಾಲದೆ ಕೆಲಸ ನಿಲ್ಲಿಸಿದೆವು.

ದಿನಾಂಕ 21ರ ಗುರುವಾರ ಬೆಳಿಗ್ಗೆ 7-30ಕ್ಕೆ ಮತ್ತೆ ಶುರು ಮಾಡಿದೆವು. 10-50ಕ್ಕೆ ಓಬಯ್ಯ ಮೂತ್ರ ವಿಸರ್ಜನೆಗೆಂದು ಏರಿ ದಾಟಿ ಗದ್ದೆಯ ಕಡೆ ಇಳಿದ. ನಮ್ಮ ಬಳಗ ಎರಡು ದಿನದಲ್ಲಿ ನೆಲದ ಮೇಲೆ ನಡೆಸಿದ ಶೋಧ ಅದೊಂದೇ. ಒಂದು ನಿಮಿಷದೊಳಗೆ ಅವನು ಕೂಗಿದ. ಹೆಸರಲ್ಲ, ಬರೀ ಕೂಗು.

ಶೇಷಮ್ಮನವರು ಬಸಿಗಾಲುವೆಯಲ್ಲಿ, ಲಂಟಾನದ ಮರೆಯಲ್ಲಿ, ಬಲ ಮಗ್ಗುಲಾಗಿ ಮಲಗಿದ್ದರು. ಮೆಟ್ಟಿಲಿನಿಂದ ಹಗ್ಗ ಹಿಡಿದು ಅಳೆದಾಗ 138 ಅಡಿ. ಬರಿಗಾಲು. ಸೊಂಟದ ಕೆಳಗೆ ಕಾಲು ತಿರುಚಿತ್ತು. ಕೈಗೆಟಕುವಷ್ಟು ದೂರದ ಹುಲ್ಲೆಲ್ಲ ಕಿತ್ತುಬಂದಿತ್ತು. ಮಡಿಲಲ್ಲಿ ಎರಡು ಹಿಡಿಯಷ್ಟು ಒಂದೆಲಗದ ಸೊಪ್ಪು, ಬೇರುಸಹಿತ, ಬಾಡಿತ್ತು. ಮಡಿಲಿನ ಗಂಟು ಬಿಚ್ಚಿರಲಿಲ್ಲ. ಉಂಗುಷ್ಟ ಕಿತ್ತ ಮೇಲೆ ಬರಿಗಾಲಲ್ಲೇ ಸೊಪ್ಪು ಹುಡುಕುತ್ತ ಅಷ್ಟು ದೂರ ನಡೆದು ಜಾರಿ ಬಿದ್ದಿರಬೇಕು. ಮುರಳಿ ಇಳಿದುಬಂದು ಮೊದಲು ಮಾಡಿದ ಕೆಲಸ, ತಾಯಿಯ ಅಂಗಾಲಿಗೆ ಚುಚ್ಚಿದ್ದ ಮುಳ್ಳನ್ನು ಕೀಳುವುದು. ಯಾರೂ ತಡೆಯಲಿಲ್ಲ.

ಸೊಪ್ಪು ಕಂಡ ಸಂಘಮಿತ್ರಾ ಅವರು ಆಗ ಎಲ್ಲರೆದುರು ಹೇಳಿದ್ದನ್ನು ನಾನು ಕೇಳಿರುತ್ತೇನೆ. ಅವರು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಫೇಲಾಗಿ, ಈಗ ಮೂರನೇ ಸಲ ಕಟ್ಟಿದ್ದಾರೆ. ಪಾಸಾದರೆ ಅಂಗನವಾಡಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬಹುದೆಂಬುದು ಅಲ್ಲಿಯೇ ಹದಿನೆಂಟು ವರ್ಷ ಮಕ್ಕಳಿಗೆ ಉಪ್ಪಿಟ್ಟು ಬೇಯಿಸಿದ ಶೇಷಮ್ಮನವರ ಆಸೆ. ನೆನಪು ನಿಲ್ಲಲಿ ಎಂದು ದಿನಾ ಬೆಳಿಗ್ಗೆ ಒಂದೆಲಗ ಅರೆದು ಹಾಲಿನಲ್ಲಿ ಕದಡಿ ಸೊಸೆಗೆ ಕುಡಿಸುತ್ತಿದ್ದರು. 19ರ ಬೆಳಿಗ್ಗೆ ಸೊಪ್ಪು ಮುಗಿದಿತ್ತು. ‘ದೇವ್ರು ದೊಡ್ಡೋನು, ಇವತ್ತೊಂದಿನ ಬಾಯಿ ಉಳೀತು’ ಎಂದು ಸೊಸೆ ಹೇಳಿದ್ದಕ್ಕೆ, ‘ದೇವ್ರು ದೊಡ್ಡೋನಾದ್ರೆ ಲೆಕ್ಕ ನೀನು ಮಾಡ್ತೀಯೋ ಅವ್ನು ಬಂದು ಮಾಡ್ತಾನೋ? ಚಾನಲ್ ಹತ್ರ ಬೇಕಾದಷ್ಟೈತೆ, ತರ್ತೀನಿ, ಮೂಗು ಹಿಡಿದಾದ್ರೂ ಕುಡಿಸ್ತೀನಿ’ ಎಂದು ಅತ್ತೆ ಕೂಗಾಡಿದರು. ಹೂವಮ್ಮ ಕೇಳಿದ ಜಗಳ ಇಷ್ಟೇ. ಆದರೆ ಹೂವಮ್ಮನ ಮನೆಗೂ ಇವರ ಮನೆಗೂ ನಡುವೆ ಗೋಡೆ ಇದ್ದು, ಗೋಡೆಯಾಚೆಗೆ ದನಿ ಹೋಗುತ್ತದೆ, ಮಾತು ಹೋಗುವುದಿಲ್ಲ.

ದಿನಾಂಕ 22ರ ಶುಕ್ರವಾರ ಡಾಕ್ಟರು ಕೊಟ್ಟ ಅಭಿಪ್ರಾಯದಂತೆ, ಬಿದ್ದು ಸೊಂಟದ ಮೂಳೆ ಮುರಿದಿದೆ. ಬಿಸಿಲು, ನೀರಡಿಕೆಯಿಂದ ಪ್ರಾಣ ಹೋಗಿದೆ. ಹೋದದ್ದು 20ರಂದು ಮಧ್ಯಾಹ್ನ 12ರಿಂದ ಸಂಜೆ 6ರ ಒಳಗೆ. ಅಂದರೆ ನಾವು ಗೇಟು ಇಳಿಸಿ, ಗರಡಿ ಎಳೆದು, ಮಣ್ಣಿನ ಗಣಪತಿಯನ್ನು ಮೇಲೆತ್ತಿದ ಹೊತ್ತಿನಲ್ಲಿ ಅವರು 138 ಅಡಿ ದೂರದಲ್ಲಿ ಜೀವಂತ ಇದ್ದರು. ಇದನ್ನು ಕೇಳಿ ಮಾಸ್ತರು ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ಅದೇ ದಿನ ಸಂಜೆ ಹುಲಿಯಪ್ಪನವರು ದೂರು ಕೊಟ್ಟರು. ಹೆಣ ಗದ್ದೆಯ ಕಡೆ, ಚಪ್ಪಲಿ ನೀರಿನ ಕಡೆ. ಸೊಸೆಯೇ ತಳ್ಳಿ, ನೀರಿಗೆ ಹಾರಿದಂತೆ ಕಾಣಲೆಂದು ಚಪ್ಪಲಿ ಜೋಡಿಸಿಟ್ಟಿದ್ದಾಳೆ, ಎಂದು. ‘ನಮ್ಮಕ್ಕ ಹುಟ್ಟಿದಾಗಿನಿಂದ ಚಪ್ಪಲಿ ಜೋಡ್ಸಿ ಇಟ್ಟೋಳಲ್ಲ, ಒದ್ದು ಬಿಸಾಕೋಳು. ಇದು ಬೇರೆಯೋರ ಕೈ’ ಎಂದು ಅವರು ಹೇಳಿದ್ದು ನಿಜ. ಆ ಮಟ್ಟಿಗೆ ಇಡೀ ಕೇಸಿನಲ್ಲಿ ಸರಿಯಾಗಿ ಯೋಚಿಸಿದವರು ಅವರೊಬ್ಬರೇ. ಅವರು ನಂಬಿದ್ದು ನಾನು ಸಹಿ ಹಾಕಿದ ಕಾಗದವನ್ನು.

ದಿನಾಂಕ 26ರ ಮಂಗಳವಾರ ಅಂಗಡಿಗೆ ರಜೆ. ತಂಡದ ವರದಿಗೆ ಸಹಿ ಮಾಡಲು ಬೆಳಿಗ್ಗೆ 11-30ಕ್ಕೆ ಠಾಣೆಗೆ ಬಂದಿದ್ದೆ. ಸಂಘಮಿತ್ರಾ ಅವರನ್ನು ಎರಡನೇ ಸಲ ಕರೆಸಿದ್ದರು. ಸಬ್‌ಇನ್‌ಸ್ಪೆಕ್ಟರ್ ಸಾಹೇಬರು ಎಡಗಾಲಿನ ಚಪ್ಪಲಿ ತೋರಿಸಿ, ಉಂಗುಷ್ಟಕ್ಕೆ ಹೊಸ ಪಿನ್ನು ಚುಚ್ಚಿದೆ, ಯಾರದು ಎಂದು ಕೇಳುತ್ತಿದ್ದರು. ಸಂಘಮಿತ್ರಾ ಅವರು ‘ನಮ್ಮನೇದಲ್ಲ ಸಾರ್, ಅತ್ತೆ ಚಪ್ಪಲೀಲಿ ಪಿನ್ನು ಇರಲಿಲ್ಲ’ ಎಂದರು. ಹಾಗಾದರೆ ಪಿನ್ನು ಆಕಾಶದಿಂದ ಬಂತೇ ಎಂದು ಸಾಹೇಬರು ಕೇಳಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಪಿನ್ನಿನ ಕೊನೆಗೆ ಹಸಿರು ದಾರ ಸುತ್ತಿತ್ತು. ನಮ್ಮ ಅಂಗಡಿಯಲ್ಲಿ ಬೆಲೆ ಚೀಟಿ ಸಿಕ್ಕಿಸುವ ಪಿನ್ನು ಮನೆಗೆ ಹೋಗಬಾರದೆಂದು ಯಜಮಾನರು ಸುತ್ತಿಸುವ ದಾರ ಅದು. ಅಂಥ ಮೂರು ಪಿನ್ನು ಆಗಲೂ ನನ್ನ ಜೇಬಿನಲ್ಲಿದ್ದವು. ನನ್ನ ಕೈ ಏನು ಮಾಡಿತ್ತೆಂದು ಆಗ ನನಗೆ ನೆನಪಾಯಿತು. ಕೂಡಲೇ ಹೇಳಬೇಕಿತ್ತು. ಬಾಯಿ ಒಣಗಿ ಹೊರಗೆ ಬಂದೆ. ನೀರು ಕುಡಿದು ವಾಪಸಾಗುವಷ್ಟರಲ್ಲಿ ಅವರನ್ನು ಕಳಿಸಿದ್ದರು. ಸಾಹೇಬರು ಜೀಪು ಹತ್ತಿದ್ದರು. ಒಂದು ದಿನ ತಡವಾದದ್ದಕ್ಕೆ ಕಾರಣ ಇಷ್ಟೇ, ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ಅಲ್ಲಿಂದ ನೇರ ಚಾನಲ್ಲಿಗೆ ಹೋದೆ. ಓಬಯ್ಯನನ್ನು ಕರೆಸಿದೆ. ಸಂಜೆ 4-10ಕ್ಕೆ ನಾನು ಬಸಿಗಾಲುವೆಯಲ್ಲಿ, ಶೇಷಮ್ಮನವರಿದ್ದ ಜಾಗದಲ್ಲಿ, ಬಲ ಮಗ್ಗುಲಾಗಿ ಮಲಗಿದೆ. ಮೆಟ್ಟಿಲ ಮೇಲ್ಗಡೆ ನಿಂತು ‘ಅತ್ತೇ’ ಎಂದು ಕೂಗಲು ಓಬಯ್ಯನಿಗೆ ಹೇಳಿದ್ದೆ. ಅವನು, ‘ಅರವತ್ತು ವರ್ಷಕ್ಕೆ ನಿಮ್ಮನ್ನ ಅತ್ತೆ ಅನ್ನೋ ಕರ್ಮ ಬಂತಲ್ಲ ಸ್ವಾಮಿ’ ಎಂದು ಗೊಣಗಿ, ಕೂಗಿದ. ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಭೂತಪ್ಪ ನಕ್ಕದ್ದೂ ಕೇಳಿಸಿತು. ಕೂಗು ಚೆನ್ನಾಗಿ ಕೇಳಿಸಿತು. ಪಕ್ಕದಲ್ಲೇ ನಿಂತು ಕರೆದಂತೆ ಕೇಳಿಸಿತು. ನಾನು ಮಲಗಿದಲ್ಲಿಂದ ‘ಓ’ ಎಂದೆ. ಮೊದಲು ನೋವಿನಲ್ಲಿರುವವರಂತೆ, ಆಮೇಲೆ ಜೋರಾಗಿ, ಆಮೇಲೆ ನನಗಿರುವಷ್ಟೂ ಶಕ್ತಿ ಹಾಕಿ. ಮೂರೂ ಸಲ ಓಬಯ್ಯನಿಗೆ ಏನೂ ಕೇಳಿಸಲಿಲ್ಲ. ಕೊನೆಗೆ ‘ಆಯ್ತಾ ಸ್ವಾಮಿ, ಬರ್ಲಾ?’ ಎಂದು ಅವನೇ ಕೂಗಿದ. ಅದೂ ಕೇಳಿಸಿತು.

5-30ಕ್ಕೆ ಸಂಘಮಿತ್ರಾ ಅವರ ಮನೆಗೆ ಹೋಗಿ, ಚಪ್ಪಲಿ ಜೋಡಿಸಿದ್ದು ನಾನೆಂದೂ, ನಾಳೆ ಠಾಣೆಯಲ್ಲಿ ಬರೆಸುವೆನೆಂದೂ ಹೇಳಿದೆ. ಮುರಳಿ ಎದ್ದು ಹೊರಗೆ ಹೋದ. ಸಂಘಮಿತ್ರಾ ಅವರು ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಅವರು ಕೇಳಿದ್ದು ಚಪ್ಪಲಿಯ ವಿಚಾರವನ್ನೇ ಅಲ್ಲ. ‘ಅವತ್ತು ನಾನು ಕೂಗಿದ್ದು ಅತ್ತೆಗೆ ಕೇಳ್ಸಿರುತ್ತಾ?’ ಎಂದು ಕೇಳಿದರು. ಸಮಯದ ಬಗ್ಗೆ ಡಾಕ್ಟರು ಬರೆದದ್ದನ್ನು ಹೇಳಿದೆ. ಆಗ ಜೀವ ಇದ್ದಿದ್ದರೆ ಕೇಳಿಸಿರುತ್ತದೆ, ನಾನು ಮಲಗಿ ನೋಡಿ ಬಂದಿದ್ದೇನೆ ಎಂದೆ. ಅವರು, ‘ಹಂಗಾದ್ರೆ ನಾನು ಬಂದಿದ್ದು ಗೊತ್ತಾಗಿರುತ್ತೆ’ ಎಂದರು. ಹೌದಮ್ಮ ಎಂದೆ. ‘ಓ ಅಂದಿದ್ರೆ ನಂಗೆ ಕೇಳಿಸ್ತಿತ್ತಾ?’ ಎಂದರು. ಇಲ್ಲ ಎಂದೆ. ನನ್ನ ದನಿಯೂ ಮೇಲೆ ಬರಲಿಲ್ಲವೆಂದೆ. ಅವರು ತಲೆಯಾಡಿಸಿದರು. ಆಮೇಲೆ, ‘ನಾನು ಇನ್ನೂ ಕೂಗ್ತಿದ್ದೆ. ನೀವು ಸಾಕು ಅಂದ್ರಿ’ ಎಂದರು. ದೂರಿದ ಹಾಗಿರಲಿಲ್ಲ. ನಡೆದದ್ದನ್ನು ನೆನಪು ಮಾಡಿಕೊಟ್ಟ ಹಾಗಿತ್ತು.

ಆದ್ದರಿಂದ ಈ ಹೇಳಿಕೆಯಲ್ಲಿ ಇನ್ನೊಂದು ಸಾಲು ಸೇರಿಸಲು ಕೋರುತ್ತೇನೆ: ದಿನಾಂಕ 20ರಂದು 4-10ಕ್ಕೆ ಸಂಘಮಿತ್ರಾ ಅವರು ಮೂರು ಸಲ ಕೂಗಿ, ನಾಲ್ಕನೆಯ ಸಲಕ್ಕೆ ಬಾಯಿ ತೆರೆದಿದ್ದಾಗ ತಡೆದವನು ನಾನು. ಇದು ಕೇಸಿಗೆ ಸಂಬಂಧಪಟ್ಟದ್ದಲ್ಲ ಎಂದು ಶಿವಯೋಗಪ್ಪನವರು ಪೆನ್ನು ಕೆಳಗಿಟ್ಟರು. ಎಲ್ಲಿಗೆ ಸಂಬಂಧಪಟ್ಟದ್ದೋ ನನಗೂ ತಿಳಿಯದು. ಬರೆಸಲು ನನಗೆ ಬೇರೆ ಜಾಗ ಇಲ್ಲವೆಂದೆ. ಅವರು ಒಂದು ಲೋಟ ನೀರು ಕುಡಿದು, ಬರೆದುಕೊಂಡರು.

ಇಷ್ಟೂ ನಾನೇ ಹೇಳಿ ಬರೆಸಿದ್ದು. ಓದಿ ಹೇಳಿದಾಗ ಕೇಳಿದ್ದೇನೆ, ನಡೆದದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಸಲ ಓದದೆ ಸಹಿ ಹಾಕಿಲ್ಲ.

ಸ್ಥಳ: ಭದ್ರಾವತಿ
ದಿನಾಂಕ: 27-3-2002, ಮಧ್ಯಾಹ್ನ 12-40

(ಸಹಿ) ವಿಶ್ವಾರಾಧ್ಯ

ನನ್ನ ಸಮಕ್ಷಮ ಬರೆದುಕೊಂಡದ್ದು:
(ಸಹಿ) ಶಿವಯೋಗಪ್ಪ, ಹೆಡ್‌ಕಾನ್ಸ್‌ಟೇಬಲ್